ಮಾತು ಕಮ್ಮಿಯ ಅಪ್ಪನ ಹತ್ತಿರ ಮಗುವನ್ನು ತರುವುದು ಹೇಗೆ

“ಅಮ್ಮಾ, ಅಪ್ಪಾಜಿಗೆ ಹೇಳು, ನಾಳೆ ಟೂರ್ ದುಡ್ಡು ಕಟ್ಬೇಕಂತೆ.”

ಅಪ್ಪಾಜಿ ಅದೇ ಹಜಾರದಲ್ಲಿ, ನಾಲ್ಕು ಮಾರು ದೂರದಲ್ಲಿ ಪೇಪರ್ ಹಿಡಿದು ಕೂತಿರುತ್ತಾರೆ. ಮಾತು ಅವರ ಕಿವಿಗೂ ಬಿದ್ದಿರುತ್ತದೆ. ಆದರೂ ಅದು ಒಮ್ಮೆ ಅಡುಗೆಮನೆಗೆ ಹೋಗಿ, ಅಮ್ಮನ ಬಾಯಿಂದ ತಿರುಗಿ ಬರಬೇಕು. ಆಮೇಲೆ ಉತ್ತರ: “ಎಷ್ಟಂತೆ ಕೇಳು.” ಸಕಲೇಶಪುರ, ಆಲೂರು, ಮೂಡಿಗೆರೆ, ಕೊಪ್ಪದ ಕಡೆಯ ಎಷ್ಟೋ ಮನೆಗಳಲ್ಲಿ ಅಪ್ಪ ಮತ್ತು ಮಕ್ಕಳ ಮಾತು ನಡೆಯುವುದೇ ಹೀಗೆ. ಯಾರಿಗೂ ಯಾರ ಮೇಲೂ ದ್ವೇಷವಿಲ್ಲ. ಫೀಸು ಹೊತ್ತಿಗೆ ಸರಿಯಾಗಿ ಕಟ್ಟುತ್ತಾರೆ, ಜ್ವರ ಬಂದರೆ ನಡುರಾತ್ರಿ ಜೀಪು ತೆಗೆಯುತ್ತಾರೆ. ಆದರೆ ಮಗು ಅಪ್ಪನ ಪಕ್ಕ ಹೋಗಿ ಕೂರುವುದಿಲ್ಲ, ಅಪ್ಪ ಮಗುವಿನ ತಲೆ ಸವರಿ ಎಷ್ಟು ವರ್ಷವಾಯಿತು ಎಂದು ಮನೆಯಲ್ಲಿ ಯಾರಿಗೂ ನೆನಪಿಲ್ಲ.

ಈ ದೂರವನ್ನು ಕಡಿಮೆ ಮಾಡುವ ಕೆಲಸ ಸಾಮಾನ್ಯವಾಗಿ ತಾಯಿಯಿಂದಲೇ ಶುರುವಾಗುವುದರಿಂದ ಈ ಲೇಖನದ ಹೆಚ್ಚಿನ ಭಾಗ ಅವಳಿಗೆ. ಅಪ್ಪಂದಿರೇ ಓದುತ್ತಿದ್ದರೆ ಇನ್ನೂ ಒಳ್ಳೆಯದು, ಅರ್ಧ ದಾರಿ ಆಗಲೇ ಕಳೆದಿದೆ. ಇಡೀ ಮಾರ್ಗದರ್ಶಿ ಒಂದೇ ತಿಳಿವಳಿಕೆಯ ಮೇಲೆ ನಿಂತಿದೆ: ಇಂಥ ಅಪ್ಪನನ್ನು ಎದುರಿಗೆ ಕೂರಿಸಿ “ಮಗು ಜೊತೆ ಮಾತಾಡಿ” ಎಂದರೆ ಕೆಲಸ ಕೆಡುತ್ತದೆ. ಒಂದು ಸಣ್ಣ ಕೆಲಸವನ್ನು ಇಬ್ಬರ ಕೈಗೂ ಕೊಟ್ಟು, ಪಕ್ಕಪಕ್ಕ ನಿಲ್ಲಿಸಿ, ನಡುವಿನವರು ಆಚೆ ಸರಿದರೆ ಮಾತು ತಾನಾಗಿ ಬರುತ್ತದೆ.

ಒಂದು ಎಚ್ಚರಿಕೆ ಮೊದಲೇ. ಮನೆಯಲ್ಲಿ ಹೊಡೆತವಿದ್ದರೆ, ಕುಡಿತವಿದ್ದರೆ, ಅಥವಾ ಅಪ್ಪ ಈಚೆಗೆ ಇದ್ದಕ್ಕಿದ್ದಂತೆ ಮೌನವಾಗಿದ್ದರೆ ಈ ಹಂತಗಳನ್ನು ಶುರು ಮಾಡಬೇಡಿ. ಅಂಥ ಮನೆಗಳ ವಿಷಯ ಕೆಳಗೆ ಬೇರೆಯಾಗಿ ಇದೆ, ಅದನ್ನು ಓದಿ.

ಮೊದಲು ಒಂದು ವಾರ ಬರೆದಿಡಿ

ಏನನ್ನೂ ಬದಲಿಸುವ ಮುಂಚೆ ಏಳು ದಿನ ಸುಮ್ಮನೆ ನೋಡಿ. ಹಳೆಯ ನೋಟ್‌ಬುಕ್ಕಿನ ಒಂದು ಹಾಳೆ ಸಾಕು. ಮೂರು ಕಾಲಂ ಎಳೆಯಿರಿ: ಯಾರು ಮೊದಲು ಮಾತು ತೆಗೆದರು, ಏನೆಂದರು, ಇನ್ನೊಬ್ಬರು ಏನು ಮಾಡಿದರು. ರಾತ್ರಿ ಮಲಗುವಾಗ ಐದು ನಿಮಿಷದಲ್ಲಿ ತುಂಬಿಸಿ. ಗಂಡನಿಗೆ ತೋರಿಸಲು ಇದು ದೋಷಪಟ್ಟಿಯಲ್ಲ, ನಿಮ್ಮ ಕಣ್ಣಿಗೆ ಮಾತ್ರ.

ವಾರದ ಕೊನೆಗೆ ಎರಡು ಸಂಗತಿ ಹುಡುಕಿ. ಅಪ್ಪನ ಮಾತುಗಳಲ್ಲಿ ಆಜ್ಞೆ ಎಷ್ಟು (“ಲೈಟ್ ಆರಿಸು”, “ಓದ್ಕೋ ಹೋಗು”), ವಿಚಾರಣೆ ಎಷ್ಟು (“ಎಷ್ಟು ಬಂತು ಮಾರ್ಕ್ಸು?”), ಸುಮ್ಮನೆ ಆಡಿದ ಮಾತು ಎಷ್ಟು? ಮೂರನೆಯದು ಸೊನ್ನೆ ಇದ್ದರೂ ಗಾಬರಿ ಬೇಡ. ಎರಡನೆಯದು ಇನ್ನೂ ಮುಖ್ಯ: ಮಗು ಎಷ್ಟು ಸಲ ಅಪ್ಪನ ಕಡೆಗೆ ಕೈ ಚಾಚಿತು? ಚಾಚುವುದೆಂದರೆ ಮಾತೇ ಆಗಬೇಕಿಲ್ಲ. ಚಿತ್ರ ಬರೆದು ಅಪ್ಪನ ಕುರ್ಚಿಯ ಹತ್ತಿರ ಬಿಟ್ಟು ಹೋಗುವುದು, ಜೀಪಿನ ಸದ್ದಿಗೆ ಬಾಗಿಲಿಗೆ ಬಂದು ನಿಲ್ಲುವುದು, ಅಪ್ಪ ಬೂಟು ಬಿಚ್ಚುವಾಗ ಸುಮ್ಮನೆ ಕಂಬಕ್ಕೆ ಒರಗಿ ನೋಡುವುದು, ಇವೆಲ್ಲ ಚಾಚಿದ ಕೈಗಳೇ. ಇವನ್ನು ಯಾವ ಹೊತ್ತಿಗೆ, ಎಲ್ಲಿ ಮಾಡುತ್ತದೆ ಎಂದು ಗುರುತಿಸಿಕೊಳ್ಳಿ. ಮುಂದಿನ ಕೆಲಸವನ್ನು ಅದೇ ಹೊತ್ತಿಗೆ, ಅದೇ ಜಾಗದಲ್ಲಿ ಇಡಬೇಕು.

ಮಗು ಒಮ್ಮೆಯೂ ಕೈ ಚಾಚಿಲ್ಲವೆಂದರೆ ಅದು ಬಯಸುವುದನ್ನೇ ನಿಲ್ಲಿಸಿದೆ ಎಂದುಕೊಳ್ಳಬೇಡಿ. 1970ರ ದಶಕದಲ್ಲಿ ಅಮೆರಿಕದ ಎಡ್ವರ್ಡ್ ಟ್ರಾನಿಕ್ ಎಂಬ ಮನೋವಿಜ್ಞಾನಿ ಮಾಡಿದ ಪ್ರಯೋಗ ಪ್ರಸಿದ್ಧ. ಮಗುವಿನ ಜೊತೆ ನಗುತ್ತಿದ್ದ ತಾಯಿ ಕೆಲವು ನಿಮಿಷ ಮುಖವನ್ನು ಕಲ್ಲಿನ ಹಾಗೆ ಇಟ್ಟುಕೊಳ್ಳಬೇಕು, ಅಷ್ಟೇ. ಕೂಸು ಮೊದಲು ನಗುತ್ತದೆ, ಕೂಗುತ್ತದೆ, ಕೈ ಆಡಿಸುತ್ತದೆ. ಯಾವುದಕ್ಕೂ ಉತ್ತರ ಬಾರದಿದ್ದಾಗ ಮುಖ ತಿರುಗಿಸಿಕೊಳ್ಳುತ್ತದೆ. ಅಪ್ಪಂದಿರ ಜೊತೆ ಮಾಡಿದಾಗಲೂ ಕೂಸುಗಳು ಇದೇ ರೀತಿ ನಡೆದುಕೊಂಡವು. ನಿಮ್ಮ ಹತ್ತು ವರ್ಷದ ಮಗ ಅಪ್ಪ ಬಂದ ಕೂಡಲೇ ರೂಮಿಗೆ ಹೋಗಿ ಮೊಬೈಲ್ ಹಿಡಿಯುತ್ತಾನೆ ಎಂದರೆ, ಅದೂ ಬಹಳ ಸಲ ಅದೇ ತಿರುಗಿಸಿದ ಮುಖ.

ಅಮ್ಮ ನಡುವಿನಿಂದ ಸರಿಯುವುದು

ಅತ್ಯಂತ ಕಷ್ಟದ ಹಂತ ಇದೇ. ತಾಯಿ ಅಂಚೆಯವಳಾಗಿರುವ ತನಕ ಅಪ್ಪನಿಗೂ ಮಗುವಿಗೂ ನೇರವಾಗಿ ಮಾತಾಡುವ ಅಗತ್ಯವೇ ಬೀಳುವುದಿಲ್ಲ. ತಾಯಿ ಸಂದೇಶವನ್ನು ಮಾತ್ರ ಸಾಗಿಸುವುದಿಲ್ಲ, ಮೆದುವೂ ಮಾಡುತ್ತಾಳೆ. ಅಪ್ಪ “ಬೇಡ” ಅಂದದ್ದು ಮಗುವಿಗೆ “ಮುಂದಿನ ಸಲ ನೋಡೋಣ ಅಂದ್ರು” ಎಂದು ತಲುಪುತ್ತದೆ. ಮಗು ಅಳುತ್ತಾ ಕೇಳಿದ್ದು ಅಪ್ಪನಿಗೆ “ಅವನಿಗೇನೋ ಬೇಕಂತೆ” ಎಂದು ಮುಟ್ಟುತ್ತದೆ. ಒಬ್ಬರ ಮುಖ ಇನ್ನೊಬ್ಬರಿಗೆ ಕಾಣುವುದೇ ಇಲ್ಲ.

ಎಲ್ಲವನ್ನೂ ಒಂದೇ ದಿನ ಬಿಡಬೇಡಿ. ಮೊದಲ ಎರಡು ವಾರ ಮೂರೇ ವಿಷಯ ಆರಿಸಿ: ಶಾಲೆಯ ಡೈರಿಗೆ ಸಹಿ, ವಾರಕ್ಕೊಮ್ಮೆ ಸಣ್ಣ ದುಡ್ಡು, ಎಲ್ಲಾದರೂ ಹೋಗಲು ಒಪ್ಪಿಗೆ. ಮಗು ಬಂದು ಕೇಳಿದಾಗ “ಅಪ್ಪಾಜಿ ಜಗಲೀಲಿ ಇದಾರೆ, ಹೋಗಿ ಕೇಳು” ಎಂದು ಹೇಳಿ ಒಗ್ಗರಣೆಗೆ ತಿರುಗಿಕೊಳ್ಳಿ. ಗಂಡನಿಗೆ ಹಿಂದಿನ ರಾತ್ರಿಯೇ ಒಂದು ಮಾತು ಹೇಳಿಟ್ಟಿರಿ: “ಇನ್ಮೇಲೆ ಸಹಿಗೆ ನಿಮ್ಮ ಹತ್ರಾನೇ ಕಳಿಸ್ತೀನಿ.” ಕಾರಣ, ವಿವರಣೆ, ಹಳೆಯ ಲೆಕ್ಕ ಯಾವುದೂ ಬೇಡ.

ಕೆಡುವುದು ಎಲ್ಲಿ ಎಂದರೆ, ಮೊದಲ ಮೌನದಲ್ಲಿ. ಮಗು ಬಾಗಿಲ ಹತ್ತಿರ ನಿಂತು ಕಾಲ್ಬೆರಳಿನಿಂದ ನೆಲ ಕೆರೆಯುತ್ತದೆ, ಅಪ್ಪ ತಲೆಯೆತ್ತುವುದಿಲ್ಲ. ಆಗ ಒಳಗಿಂದ “ರೀ, ಅವನು ಸಹಿ ಕೇಳ್ತಿದಾನೆ” ಎಂಬ ಕೂಗು ಹೊರಟರೆ ಎರಡು ವಾರದ ಶ್ರಮ ನೀರಿಗೆ ಹೋಯಿತು. ಮನಸ್ಸಿನಲ್ಲಿ ಇಪ್ಪತ್ತರ ತನಕ ಎಣಿಸಿ. ಬಹುಪಾಲು ಅಪ್ಪಂದಿರು ಹನ್ನೆರಡು ಹದಿಮೂರರ ಹೊತ್ತಿಗೆ “ಏನೋ?” ಅನ್ನುತ್ತಾರೆ. ಆ “ಏನೋ” ಒರಟಾಗಿದ್ದರೂ ಚಿಂತೆಯಿಲ್ಲ. ಅಪ್ಪ ಬೇಡವೆಂದರೆ, ಆ “ಬೇಡ” ಕೂಡ ಮಗುವಿಗೆ ಅಪ್ಪನ ಬಾಯಿಂದಲೇ ಬರಲಿ. ನೀವು ಹಿಂದಿನಿಂದ ಹೋಗಿ ದುಡ್ಡು ಕೊಟ್ಟು ಸಮಾಧಾನ ಮಾಡಿದರೆ ಅಪ್ಪ ಇನ್ನೂ ಒಂದು ಹೆಜ್ಜೆ ಆಚೆ ಹೋಗುತ್ತಾರೆ.

ಅಜ್ಜಿ ಇರುವ ಮನೆಯಲ್ಲಿ ಅಜ್ಜಿಗೂ ಇದನ್ನು ಹೇಳಿ ಒಪ್ಪಿಸಿ. ಅಮ್ಮ ಬಿಟ್ಟ ಅಂಚೆಯ ಚೀಲವನ್ನು ಅಜ್ಜಿ ಮಾರನೆಯ ದಿನವೇ ಎತ್ತಿಕೊಳ್ಳುತ್ತಾರೆ.

ಇನ್ನೊಂದು ಬಿಡಬೇಕಾದ ಅಭ್ಯಾಸವಿದೆ: “ತಾಳು, ಅಪ್ಪ ಬರ್ಲಿ, ಹೇಳ್ತೀನಿ.” ದಿನಕ್ಕೆ ಒಮ್ಮೆ ಈ ಮಾತು ಕೇಳಿದ ಮಗುವಿಗೆ ಗೇಟಿನ ಸದ್ದು ಶಿಕ್ಷೆಯ ಸದ್ದಾಗುತ್ತದೆ. ಇದನ್ನು ಇವತ್ತಿನಿಂದಲೇ, ಪೂರ್ತಿ ನಿಲ್ಲಿಸಿ.

ಒಂದು ಕೆಲಸ, ಒಂದೇ ಹೊತ್ತು

ಈಗ ಅಪ್ಪ ಮತ್ತು ಮಗುವಿಗೆ ಒಂದು ಜಂಟಿ ಕೆಲಸ ಬೇಕು. ಅದಕ್ಕೆ ಇರಬೇಕಾದ ಗುಣಗಳು ನಾಲ್ಕು: ಹದಿನೈದು ಇಪ್ಪತ್ತು ನಿಮಿಷದಲ್ಲಿ ಮುಗಿಯಬೇಕು, ವಾರಕ್ಕೆ ನಾಲ್ಕು ದಿನವಾದರೂ ನಡೆಯಬೇಕು, ಅಪ್ಪನಿಗೆ ಚೆನ್ನಾಗಿ ಗೊತ್ತಿರಬೇಕು, ಮಗುವಿನ ಕೈಗೆ ನಿಜವಾದ ಪಾಲು ಸಿಗಬೇಕು. ಓದಿಸುವುದು ಈ ಕೆಲಸವಾಗಬಾರದು. ಹೋಂವರ್ಕ್ ಎದುರು ಕೂತ ಅಪ್ಪ ಹತ್ತನೇ ನಿಮಿಷಕ್ಕೆ ಮೇಷ್ಟ್ರಾಗುತ್ತಾರೆ, ಇಪ್ಪತ್ತನೇ ನಿಮಿಷಕ್ಕೆ ಗದರುತ್ತಾರೆ.

ಕಾಫಿ ತೋಟದ ಮನೆಗಳಿಗೆ ಇದಕ್ಕಿಂತ ಒಳ್ಳೆಯದಿಲ್ಲ ಎನ್ನುವಂಥ ಒಂದು ಕೆಲಸ ಆಗಲೇ ಅಂಗಳದಲ್ಲಿದೆ: ಮಳೆ ಅಳೆಯುವುದು. ಹೆಚ್ಚಿನ ತೋಟಗಳಲ್ಲಿ ಮಳೆಮಾಪಕ ಇರುತ್ತದೆ, ದಿನವೂ ಬೆಳಿಗ್ಗೆ ಒಂದೇ ಹೊತ್ತಿಗೆ ಅಳೆದು ಡೈರಿಗೆ ಬರೆಯುತ್ತಾರೆ, ಅದೂ ಇಂಚು ಮತ್ತು ಸೆಂಟಿನಲ್ಲಿ. ನೂರು ಸೆಂಟ್ ಸೇರಿದರೆ ಒಂದು ಇಂಚು. ಶಾಲೆಯ ಲೆಕ್ಕಕ್ಕೆ ಬೇಕಾದರೆ ಒಂದು ಇಂಚು ಅಂದರೆ 25.4 ಮಿಲಿಮೀಟರ್.

ಮಾಡುವ ಕ್ರಮ ಹೀಗೆ. ಕೊಳವೆಯ ಮೇಲಿನ ಆಲಿಕೆ ತೆಗೆಯುವುದು ಅಪ್ಪ. ಒಳಗಿನ ನೀರನ್ನು ಆ ಮಾಪಕಕ್ಕೇ ಹೊಂದುವ ಗಾಜಿನ ಅಳತೆ ಲೋಟಕ್ಕೆ ಸುರಿಯುವುದು ಮಗು. ಲೋಟವನ್ನು ಜಗಲಿಯ ಕಟ್ಟೆಯಂಥ ಸಮತಟ್ಟು ಜಾಗದಲ್ಲಿಡಬೇಕು, ಕೈಯಲ್ಲಿ ಹಿಡಿದು ಓದಿದರೆ ಲೆಕ್ಕ ತಪ್ಪುತ್ತದೆ. ನೀರಿನ ಮೇಲ್ಮೈ ಅಂಚಿನಲ್ಲಿ ಗಾಜಿಗೆ ಸ್ವಲ್ಪ ಏರಿ ಅಂಟಿಕೊಂಡಿರುತ್ತದೆ, ನಡುವೆ ತಗ್ಗಿರುತ್ತದೆ. ಓದಬೇಕಾದ್ದು ಆ ತಗ್ಗಿನ ಗೆರೆ. ಅದು ಸರಿಯಾಗಿ ಕಾಣಲು ಕಣ್ಣು ನೀರಿನ ಮಟ್ಟಕ್ಕೇ ಇಳಿಯಬೇಕು. ಆರಡಿ ಎತ್ತರದ ಅಪ್ಪ ಮಂಡಿಯೂರುತ್ತಾರೆ, ಮಗು ಸ್ವಲ್ಪ ಬಗ್ಗುತ್ತದೆ, ಎರಡು ತಲೆಗಳು ಗಾಜಿನ ಮುಂದೆ ಒಂದೇ ಎತ್ತರಕ್ಕೆ ಬರುತ್ತವೆ. “ಎಂಬತ್ತೈದಾ, ಎಂಬತ್ತಾರಾ?” ಎಂಬ ಪ್ರಶ್ನೆಗೆ ಇಬ್ಬರೂ ಸೇರಿ ಉತ್ತರ ಹುಡುಕಬೇಕು. ಇದರಲ್ಲಿ ಯಾರೂ ಯಾರ ಮುಖವನ್ನೂ ನೋಡಬೇಕಿಲ್ಲ, ಆದರೆ ಭುಜಕ್ಕೆ ಭುಜ ತಾಗುತ್ತದೆ. ಮಾತು ಬಾರದ ಅಪ್ಪನಿಗೆ ಬೇಕಾದ್ದು ಇಂಥದೇ ಜಾಗ.

ಜೋರು ಮಳೆಯ ದಿನ ನೀರು ಒಂದು ಲೋಟಕ್ಕೆ ಹಿಡಿಯುವುದಿಲ್ಲ. ಒಂದೊಂದು ಲೋಟವನ್ನೂ ಓದಿ, ಬೆರಳಲ್ಲಿ ಎಣಿಸಿ ಕೂಡಬೇಕು. ಮಗು ಕೂಡಲಿ, ಅಪ್ಪ ಕಾಯಲಿ. ಡೈರಿಗೆ ಬರೆಯುವುದು ಮಗುವಿನ ಅಕ್ಷರದಲ್ಲೇ ಇರಬೇಕು. ಅಂಕಿ ತಪ್ಪಿದ್ದರೆ ಅದನ್ನು ಅಪ್ಪ ಹೊಡೆದು ಪಕ್ಕದಲ್ಲಿ ಸರಿ ಬರೆಯಬಾರದು. “ಇನ್ನೊಂದ್ಸಲ ಕೂಡು ನೋಡೋಣ” ಎಂದರೆ ಸಾಕು. ಮಗುವಿನ ಪುಟದ ಮೇಲೆ ಒಂದು ಸಲ ಅಡ್ಡಗೆರೆ ಬಿದ್ದರೆ ಮರುದಿನ ಅದು ಹಾಸಿಗೆಯಿಂದ ಏಳುವುದಿಲ್ಲ.

ತೋಟವಿಲ್ಲದ ಮನೆಗಳಿಗೂ ಕೆಲಸಕ್ಕೆ ಬರವಿಲ್ಲ. ಹಾಸನ, ಚನ್ನರಾಯಪಟ್ಟಣ, ಅರಸೀಕೆರೆ ಕಡೆ ಡೈರಿಗೆ ಹಾಲು ಹಾಕುವ ಮನೆಯಾದರೆ ಕ್ಯಾನಿನ ಒಂದು ಕಿವಿ ಅಪ್ಪನ ಕೈಗೆ, ಇನ್ನೊಂದು ಮಗುವಿನ ಕೈಗೆ. ಹಾಲಿನ ಗುಣಮಟ್ಟದ ಅಳತೆಗಳಾದ ಫ್ಯಾಟು, ಡಿಗ್ರಿ ಬರೆದ ಚೀಟಿ ಜೋಪಾನ ಮಾಡುವುದು ಮಗುವಿನ ಜವಾಬ್ದಾರಿ. ಪೇಟೆಯ ಮನೆಯಾದರೆ ಭಾನುವಾರ ಸ್ಕೂಟರ್ ತೊಳೆಯುವುದು, ಚೈನಿಗೆ ಎಣ್ಣೆ ಬಿಡುವುದು, ರಾತ್ರಿ ಬಾಗಿಲು ಕಿಟಕಿ ಭದ್ರಪಡಿಸುವ ಸುತ್ತು, ಬೆಳಿಗ್ಗೆ ಹೂವಿನ ಕುಂಡಗಳಿಗೆ ನೀರು. ಎಸ್ಟೇಟ್ ಲೈನಿನಲ್ಲಿರುವ, ಅಂದರೆ ತೋಟದ ಕೆಲಸಗಾರರ ಸಾಲುಮನೆಗಳಲ್ಲಿ ಅಪ್ಪ ಕೆಲಸ ಮುಗಿಸಿ ಬಂದು ಕತ್ತಿ ಮಸೆಯುವಾಗ ಕಲ್ಲಿಗೆ ನೀರು ಚಿಮುಕಿಸುವುದು ಮಗುವಿನ ಪಾಲು.

ವಯಸ್ಸಿಗೆ ತಕ್ಕಂತೆ ಕೆಲಸ ಬದಲಾಗಬೇಕು. ಮೂರರಿಂದ ಐದು ವರ್ಷದವರಿಗೆ ಹತ್ತು ನಿಮಿಷವೇ ಹೆಚ್ಚು, ಕೈಗೆ ಏನಾದರೂ ಹಿಡಿಯಲು ಸಿಕ್ಕರೆ ಸಾಕು. ಆರರಿಂದ ಹತ್ತರವರಿಗೆ ಅಳತೆ, ಎಣಿಕೆ, ಬರೆಯುವ ಕೆಲಸ ಹಿಡಿಸುತ್ತದೆ. ಹನ್ನೆರಡು ದಾಟಿದವರಿಗೆ ಅಪ್ಪನ ಸಹಾಯಕನಾಗುವುದು ಇಷ್ಟವಿಲ್ಲ, ಅವರಿಗೆ ಒಂದು ಕೆಲಸವನ್ನು ಪೂರ್ತಿ ಬಿಟ್ಟುಕೊಡಬೇಕು, ಅವರಾಗಿ ಕೇಳಿದರೆ ಮಾತ್ರ ಅಪ್ಪ ಸಲಹೆ ಕೊಡಬೇಕು. ಉದಾಹರಣೆಗೆ ಹತ್ತು ಮೆಣಸಿನ ಬಳ್ಳಿಯ ಜವಾಬ್ದಾರಿ, ಅದರ ಲೆಕ್ಕ ಮತ್ತು ದುಡ್ಡು ಕೂಡ.

ಮಕ್ಕಳಿಗೆ ಬೇಡವೇ ಬೇಡದ ಕೆಲಸಗಳು: ಔಷಧಿ ಸಿಂಪರಣೆ, ಗಿಡಗಳ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಬೆರೆಸುವುದು, ಮೆಣಸಿನ ಏಣಿ, ರಾತ್ರಿಯ ಪಂಪ್‌ಸೆಟ್. ಆನೆ ಓಡಾಡುವ ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಭಾಗದಲ್ಲಿ ಬೆಳಕು ಹರಿಯುವ ಮುಂಚೆ ಮತ್ತು ಕತ್ತಲಾದ ಮೇಲೆ ಮಗುವನ್ನು ಅಂಗಳದಾಚೆ ಕರೆದೊಯ್ಯುವ ಯಾವ ಕೆಲಸವೂ ಬೇಡ.

ಯಾವಾಗ ಶುರು ಮಾಡಬೇಕು ಎಂಬುದೂ ಮುಖ್ಯ. ನವೆಂಬರಿನಲ್ಲಿ ಅರೇಬಿಕಾ ಹಣ್ಣು ಕುಯ್ಯಲು ಶುರುವಾದರೆ ರೋಬಸ್ಟಾ ಮುಗಿದು ಮೆಣಸು ಕುಯ್ಯುವ ಫೆಬ್ರವರಿ, ಮಾರ್ಚ್ ತನಕ ಬೆಳೆಗಾರನ ತಲೆಯಲ್ಲಿ ಆಳು, ಕಣ, ಮೋಡ, ರೇಟು ಬಿಟ್ಟು ಬೇರೇನೂ ಇರುವುದಿಲ್ಲ. ಆಗ ಹೊಸ ಅಭ್ಯಾಸ ಹಾಕಲು ಹೊರಟರೆ ಅಪ್ಪನಿಗೆ ಅದು ಇನ್ನೊಂದು ಕಾಟವಾಗಿ ಕಾಣುತ್ತದೆ. ಜೂನ್‌ನಿಂದ ಆಗಸ್ಟ್ ತನಕದ ಕಾಲವೇ ಸರಿ. ಜುಲೈನಲ್ಲಿ ಮಲೆನಾಡಿನ ತಾಲ್ಲೂಕುಗಳಿಗೆ ಮಳೆ ರಜೆ ಕೊಡುತ್ತಾರೆ, ಕರೆಂಟ್ ಇರುವುದಿಲ್ಲ, ನೆಟ್‌ವರ್ಕ್ ಸತ್ತಿರುತ್ತದೆ, ಅಪ್ಪನೂ ಮಗುವೂ ಒಂದೇ ಬಚ್ಚಲೊಲೆಯ ಬೆಂಕಿಗೆ ಕೈ ಕಾಸುತ್ತಿರುತ್ತಾರೆ. ಹಾಸನದ ಆಲೂಗಡ್ಡೆ, ಶುಂಠಿ ಬೆಳೆಯುವ ಮನೆಗಳಿಗೆ ಮುಂಗಾರಿನ ಬಿತ್ತನೆಯ ಧಾವಂತ ಇರುತ್ತದೆ. ಅವರು ನಾಟಿ ಮುಗಿದ ಮೇಲೆ ಆರಂಭಿಸಲಿ.

ಕುಯ್ಲಿನ ಕಾಲದಲ್ಲಿ ಎಳೆ ಕಡಿಯದಂತೆ ಸಂಜೆ ಐದು ನಿಮಿಷದ ಒಂದು ಕೆಲಸ ಇಟ್ಟುಕೊಂಡರೆ ಸಾಕು. ಕಣದಲ್ಲಿ ಒಣಗಿದ ಕಾಫಿ ಹಣ್ಣನ್ನು ಮುಷ್ಟಿಯಲ್ಲಿ ಹಿಡಿದು ಕಿವಿಯ ಹತ್ತಿರ ಅಲ್ಲಾಡಿಸಿದರೆ, ಒಣಗಿದ್ದಕ್ಕೆ ಒಳಗೆ ಬೀಜ ಗಲಗಲ ಅನ್ನುತ್ತದೆ, ಹಸಿ ಇದ್ದರೆ ಸದ್ದಿಲ್ಲ. ಟಾರ್ಪಾಲ್ ಮುಚ್ಚುವ ಮುಂಚೆ ಮೂರು ಜಾಗದಿಂದ ಒಂದೊಂದು ಹಿಡಿ ತೆಗೆದು ಮಗು ಅಲ್ಲಾಡಿಸಿ ಹೇಳಲಿ, “ಇದಾಗಿದೆ, ಇದಿನ್ನೂ ಆಗಿಲ್ಲ.” ಅಪ್ಪ ಅದನ್ನು ಕೇಳಿಸಿಕೊಂಡು, ನಿಜವಾಗಿ ಆ ಕಡೆಯ ರಾಶಿಯನ್ನು ಇನ್ನೊಂದು ದಿನ ಬಿಡಬೇಕು. ತನ್ನ ಮಾತಿಗೆ ಅಪ್ಪನ ಲೋಕದಲ್ಲಿ ಬೆಲೆಯಿದೆ ಎಂದು ಮಗುವಿಗೆ ಗೊತ್ತಾಗುವುದು ಇಂಥ ಕಡೆ.

ಇಷ್ಟು ಸಣ್ಣ ಹೊತ್ತಿನಿಂದ ಏನಾದೀತು ಎಂಬ ಅನುಮಾನ ಸಹಜ. ರುಡಾಲ್ಫ್ ಶಾಫರ್ ಮತ್ತು ಪೆಗ್ಗಿ ಎಮರ್ಸನ್ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ 60 ಕೂಸುಗಳನ್ನು ಅವುಗಳ ಮನೆಯಲ್ಲೇ ತಿಂಗಳುಗಟ್ಟಲೆ ಗಮನಿಸಿ 1964ರಲ್ಲಿ ವರದಿ ಮಾಡಿದರು. ಒಂದೂವರೆ ವರ್ಷದ ಹೊತ್ತಿಗೆ ಹೆಚ್ಚಿನ ಕೂಸುಗಳು ತಾಯಿಗಲ್ಲದೆ ತಂದೆಗೂ ಅಂಟಿಕೊಂಡಿದ್ದವು. ಕೂಸು ಯಾರಿಗೆ ಹೆಚ್ಚು ಅಂಟಿಕೊಳ್ಳುತ್ತದೆ ಎಂಬುದನ್ನು ನಿರ್ಧರಿಸಿದ್ದು ಜೊತೆಗಿದ್ದ ಗಂಟೆಗಳ ಲೆಕ್ಕಕ್ಕಿಂತ ಅದರ ಸನ್ನೆಗೆ ಎಷ್ಟು ಬೇಗ, ಎಷ್ಟು ಸರಿಯಾಗಿ ಉತ್ತರ ಸಿಗುತ್ತದೆ ಎಂಬುದು. ದಿನವಿಡೀ ತೋಟದಲ್ಲಿರುವ ಅಪ್ಪನಿಗೂ ಹಾಗಾಗಿ ಜಾಗವಿದೆ.

ಆ ಇಪ್ಪತ್ತು ನಿಮಿಷದಲ್ಲಿ

ಇದು ಅಪ್ಪನಿಗೆ. ಮೊಬೈಲ್ ಒಳಗೆ, ಕಪಾಟಿನ ಮೇಲೆ. ತೋಟದ ಲೆಕ್ಕ ಬರೆಯುವ ರೈಟರ್ ಫೋನ್ ಮಾಡಿದರೂ ಇಪ್ಪತ್ತು ನಿಮಿಷ ಕಾಯುತ್ತಾರೆ. ಮಾರ್ಕ್ಸು, ಟ್ಯೂಷನ್, ಪಕ್ಕದ ಮನೆ ಹುಡುಗನ ರ‍್ಯಾಂಕು, ಈ ಮೂರಕ್ಕೆ ಈ ಹೊತ್ತಿನಲ್ಲಿ ಪ್ರವೇಶವಿಲ್ಲ.

ಏನು ಮಾತಾಡಬೇಕೆಂದು ತೋಚದಿದ್ದರೆ ಕಣ್ಣಿಗೆ ಕಂಡದ್ದನ್ನು ಹೇಳಿ: “ನೀರು ಚೆಲ್ಲದ ಹಾಗೆ ಸುರಿದೆ.” ಹೊಗಳಬೇಕಿಲ್ಲ, ನೋಡಿದೆ ಎಂದು ಗೊತ್ತಾಗಬೇಕು. ಮಗು ಏನಾದರೂ ಹೇಳಿದರೆ ಅದರ ಕೊನೆಯ ಎರಡು ಪದವನ್ನೇ ತಿರುಗಿ ಹೇಳಿ. “ಇವತ್ತು ಬಸ್ಸಲ್ಲಿ ಜಗಳ ಆಯ್ತು” ಎಂದರೆ “ಜಗಳ ಆಯ್ತಾ?” ಅಷ್ಟಕ್ಕೆ ನಿಲ್ಲಿಸಿ ಕಾಯಿರಿ. “ನೀನೇನ್ಮಾಡ್ದೆ ಮೊದ್ಲು ಹೇಳು” ಎಂದು ಶುರು ಮಾಡಿದರೆ ಅದು ಠಾಣೆಯ ವಿಚಾರಣೆ, ಮುಂದಿನ ವಾಕ್ಯ ಬರುವುದಿಲ್ಲ. “ಯಾಕೆ” ಎಂಬ ಪ್ರಶ್ನೆಯನ್ನು ಆದಷ್ಟು ದೂರ ಇಡಿ. ಅಪ್ಪನ ಬಾಯಲ್ಲಿ “ಯಾಕೆ” ಅಂದರೆ ಮಕ್ಕಳಿಗೆ ತಪ್ಪು ಹಿಡಿದಂತೆ ಕೇಳುತ್ತದೆ. “ಆಮೇಲೆ?” ಒಳ್ಳೆಯ ಪದ.

ಸಲಹೆ ಕೊಡುವ ತುಡಿತ ಬರುತ್ತದೆ. ಮಗು ಕಷ್ಟ ಹೇಳಿದ ಕೂಡಲೇ ಪರಿಹಾರ ಹೇಳದಿದ್ದರೆ ಅಪ್ಪನಾಗಿ ಏನು ಪ್ರಯೋಜನ ಅನ್ನಿಸುತ್ತದೆ. ಆದರೂ ಮೊದಲು “ಬೇಜಾರಾಗಿರ್ಬೇಕು ನಿಂಗೆ” ಎಂಬ ಒಂದು ಮಾತು, ಆಮೇಲೆ ಬೇಕಾದರೆ ಸಲಹೆ. ಚಿಕ್ಕಂದಿನಲ್ಲಿ ಯಾರೂ ನಿಮಗೆ ಹೀಗೆ ಹೇಳಿರಲಿಕ್ಕಿಲ್ಲ, ಅದಕ್ಕೇ ನಾಲಿಗೆ ಹೊರಳುವುದಿಲ್ಲ. ಹತ್ತು ಸಲ ಹೇಳಿದ ಮೇಲೆ ಸಲೀಸಾಗುತ್ತದೆ. ಮೊದಲ ಸಲ ಮಗು ವಿಚಿತ್ರವಾಗಿ ನೋಡಿದರೆ ಎದೆಗುಂದಬೇಡಿ.

ಮಗು ಐದೇ ನಿಮಿಷಕ್ಕೆ ಎದ್ದು ಹೋದರೆ ಹೋಗಲಿ. “ನಿಂಗೆ ಇಂಟ್ರೆಸ್ಟೇ ಇಲ್ಲ” ಎನ್ನಬೇಡಿ. ಉಳಿದ ಹೊತ್ತು ನೀವು ಅದೇ ಜಾಗದಲ್ಲಿ ಕೆಲಸ ಮುಂದುವರಿಸಿ. ಮೂರು ದಿನ ಬಾರದಿದ್ದರೂ ನಾಲ್ಕನೆಯ ದಿನ ಅದೇ ಹೊತ್ತಿಗೆ ನೀವು ಅಲ್ಲಿ ಇರಬೇಕು. ಹನ್ನೆರಡು ವರ್ಷ ಅಪ್ಪನಿಗಾಗಿ ಕಾದ ಮಗು, ಅಪ್ಪ ಕಾಯುತ್ತಾನೋ ಇಲ್ಲವೋ ಎಂದು ಪರೀಕ್ಷಿಸುತ್ತದೆ. ದೊಡ್ಡ ಮಕ್ಕಳಲ್ಲಿ ಈ ಪರೀಕ್ಷೆ ಒಂದೆರಡು ತಿಂಗಳೂ ನಡೆಯಬಹುದು.

ಮುಟ್ಟುವುದು ಕೊನೆಗೆ ಬರಲಿ. ವರ್ಷಗಟ್ಟಲೆ ಮುಟ್ಟದ ಅಪ್ಪ ದಿಢೀರನೆ ತಬ್ಬಿಕೊಂಡರೆ ಮಗು ಕೊರಡಾಗುತ್ತದೆ. ಕ್ಯಾನು ಎತ್ತಿಸುವಾಗ ಭುಜದ ಮೇಲೆ ಕೈ, ಕಾಲಿಗೆ ಹತ್ತಿದ ಉಂಬಳಕ್ಕೆ (ಜಿಗಣೆಗೆ) ಸುಣ್ಣವೋ ಉಪ್ಪೋ ಹಚ್ಚಿ ಬಿಡಿಸುವುದು, ಮಳೆಯಲ್ಲಿ ನೆನೆದ ತಲೆಯನ್ನು ಟವೆಲ್ಲಿನಿಂದ ಒರೆಸುವುದು: ಕೆಲಸದ ನೆಪದ ಈ ಸ್ಪರ್ಶಗಳನ್ನು ಮಕ್ಕಳು ಸಂಕೋಚವಿಲ್ಲದೆ ತೆಗೆದುಕೊಳ್ಳುತ್ತಾರೆ.

ಗದರಿದ ಮೇಲೆ

ಗದರುತ್ತೀರಿ. ಲೋಟ ಒಡೆಯುತ್ತದೆ, ರೇಟು ಬಿದ್ದ ದಿನವೇ ಒಡೆಯುತ್ತದೆ. ಟ್ರಾನಿಕ್ ಅವರ ಮುಂದಿನ ಅಧ್ಯಯನಗಳು ತೋರಿಸಿದ್ದು ಏನೆಂದರೆ, ಚೆನ್ನಾಗಿರುವ ತಾಯಿ-ಮಗುವಿನ ನಡುವೆಯೂ ಹೊಂದಾಣಿಕೆ ಇರುವುದು ಸುಮಾರು ಮೂರನೇ ಒಂದು ಪಾಲು ಹೊತ್ತು ಮಾತ್ರ. ತಪ್ಪಿದ ತಾಳವನ್ನು ಮತ್ತೆ ಕೂಡಿಸಿಕೊಳ್ಳುವುದೇ ಬಾಂಧವ್ಯವನ್ನು ಗಟ್ಟಿ ಮಾಡುತ್ತದೆ.

ಅದೇ ದಿನ, ಮಲಗುವ ಮುಂಚೆ, ಒಂದೇ ವಾಕ್ಯ: “ಬೆಳಿಗ್ಗೆ ನಾನು ಕೂಗಿದ್ದು ಜಾಸ್ತಿ ಆಯ್ತು.” ಇದರ ಹಿಂದೆ “ಆದ್ರೆ ನೀನೂ...” ಎಂದು ಸೇರಿಸಿದರೆ ಹೇಳಿದ್ದೆಲ್ಲ ವ್ಯರ್ಥ. ನಮ್ಮ ಕಡೆಯ ಅಪ್ಪಂದಿರು ತಪ್ಪಾಯಿತು ಎನ್ನುವ ಬದಲು ಪೇಟೆಯಿಂದ ಪಪ್ಸ್ ತಂದು ಮೇಜಿನ ಮೇಲಿಡುತ್ತಾರೆ. ಅದು ಅವರ ಕ್ಷಮೆ, ನಿಜ, ಆದರೆ ಏಳು ವರ್ಷದ ಮಗುವಿಗೆ ಆ ಭಾಷೆ ಓದಲು ಬರುವುದಿಲ್ಲ. ಪಪ್ಸ್ ತನ್ನಿ, ವಾಕ್ಯವನ್ನೂ ಹೇಳಿ. ಮಗು ಉತ್ತರ ಕೊಡಲೇಬೇಕೆಂದು ನಿಂತುಕೊಳ್ಳಬೇಡಿ, ಹೇಳಿ ದೀಪ ಆರಿಸಿ ಬನ್ನಿ.

ಬೆಂಗಳೂರಿನಲ್ಲಿರುವ ಅಪ್ಪ

ವಾರಪೂರ್ತಿ ಬೆಂಗಳೂರಿನಲ್ಲಿದ್ದು ಶನಿವಾರ ರಾತ್ರಿ ಬಸ್ಸಿಗೋ ರೈಲಿಗೋ ಬರುವ ಅಪ್ಪಂದಿರ ಸಂಖ್ಯೆ ಹಾಸನದಲ್ಲಿ ದೊಡ್ಡದು. ಇವರಿಗೆ ಎರಡು ನಿಯಮ. ಫೋನು ದಿನವೂ ಒಂದೇ ಹೊತ್ತಿಗೆ, ಏಳೆಂಟು ನಿಮಿಷ, ಮಗುವಿನ ಜೊತೆಗೇ ಮೊದಲು. “ಅಮ್ಮಂಗೆ ಕೊಡು” ಆಮೇಲೆ. ಮಾತಿಗೆ ವಸ್ತುವೊಂದು ಬೇಕು: ಮಗು ಆ ದಿನದ ಮಳೆಯ ಅಂಕಿ ಓದಿ ಹೇಳಲಿ, ಅಪ್ಪ ಕಂಡ ಒಂದು ವಸ್ತುವಿನ ಫೋಟೋ ಕಳಿಸಲಿ. “ಊಟ ಆಯ್ತಾ, ಓದಿದ್ಯಾ” ಎಂಬ ಎರಡೇ ಪ್ರಶ್ನೆಯ ಫೋನು ಮೂರನೇ ವಾರಕ್ಕೆ ಒಣಗುತ್ತದೆ.

ಊರಿಗೆ ಬಂದಾಗ ಮೊದಲ ಅರ್ಧ ಗಂಟೆ ನಿರ್ಣಾಯಕ. ಬ್ಯಾಗು ಇಳಿಸಿದ ಕೂಡಲೇ ಟೆಸ್ಟ್ ಪೇಪರ್ ಕೇಳಬೇಡಿ. ಅಮ್ಮನೂ ವಾರದ ದೂರುಗಳ ಗಂಟು ಆಗಲೇ ಬಿಚ್ಚಬಾರದು. ವಾರವಿಡೀ ಅಪ್ಪನಿಲ್ಲದೆ ಒಂದು ಕ್ರಮಕ್ಕೆ ಒಗ್ಗಿದ ಮಗು ಭಾನುವಾರ ಬೆಳಿಗ್ಗೆ ಮೂತಿ ಉಬ್ಬಿಸಬಹುದು, ಮತ್ತೆ ಹೊರಡುವ ಹೊತ್ತಿಗೆ ಜಗಳ ತೆಗೆಯಬಹುದು. ಅದು ಅಗಲಿಕೆಯ ಸಿಟ್ಟು. “ಹೋಗೋದು ನಂಗೂ ಬೇಜಾರೇ” ಎಂದು ಹೇಳಿ, ಮುಂದಿನ ಬರುವಿಕೆಯ ದಿನವನ್ನು ಕ್ಯಾಲೆಂಡರಿನಲ್ಲಿ ಮಗುವಿನ ಕೈಯಲ್ಲೇ ಗುರುತು ಹಾಕಿಸಿ. ಬಾರದ ವಾರ ಮುಂಚೆಯೇ, ಮಗುವಿಗೇ ಫೋನ್ ಮಾಡಿ ಹೇಳಬೇಕು.

ಮಗುವಿಗೆ ಏನು ಹೇಳಬೇಕು

“ಅಪ್ಪಂಗೆ ನಿನ್ಮೇಲೆ ಪ್ರಾಣ, ತೋರ್ಸಲ್ಲ ಅಷ್ಟೆ.” ಈ ಮಾತು ಎಲ್ಲರ ಬಾಯಲ್ಲೂ ಇದೆ, ಒಳ್ಳೆಯ ಮನಸ್ಸಿನಿಂದಲೇ ಬರುತ್ತದೆ. ಆದರೆ ಇದನ್ನೇ ಕೇಳಿ ಬೆಳೆದ ಮಗು ತನಗಾದ ನೋವು ಸುಳ್ಳು ಎಂದು ಕಲಿಯುತ್ತದೆ. ಬದಲಿಗೆ ಎರಡನ್ನೂ ಹೇಳಿ: “ಅಪ್ಪ ಮಾತಾಡಿಸದೆ ಹೋದಾಗ ನಿಂಗೆ ಬೇಜಾರಾಯ್ತು, ಆಗೋದೇ. ಅಪ್ಪಂಗೆ ಮಾತು ಬರೋದು ಕಷ್ಟ. ಅದು ನಿನ್ನಿಂದ ಆಗಿದ್ದಲ್ಲ.” ಕೊನೆಯ ವಾಕ್ಯವನ್ನು ಬಿಡಲೇಬೇಡಿ. ಎಂಟು ಹತ್ತು ವರ್ಷದ ಮಕ್ಕಳು ಅಪ್ಪನ ಮೌನಕ್ಕೆ ಕಾರಣ ಹುಡುಕಿ ಕೊನೆಗೆ ತಮ್ಮಲ್ಲೇ ಕಂಡುಕೊಳ್ಳುತ್ತಾರೆ.

ಅಪ್ಪನ ಬಗ್ಗೆ ನಿಮ್ಮ ಸಂಕಟವನ್ನು ಮಗುವಿನ ಮುಂದೆ ತೋಡಿಕೊಳ್ಳಬೇಡಿ. ಅಕ್ಕನೋ ಗೆಳತಿಯೋ ಇರಲಿ ಅದಕ್ಕೆ. ಸೋದರಮಾವ, ಅಜ್ಜ, ಮೇಷ್ಟ್ರು ಯಾರಾದರೂ ಮಗುವನ್ನು ಹಚ್ಚಿಕೊಂಡಿದ್ದರೆ ಆ ಸಂಬಂಧವನ್ನು ಬೆಳೆಯಲು ಬಿಡಿ, ಅಪ್ಪನ ಜಾಗಕ್ಕೆ ಅದರಿಂದ ಕುಂದಿಲ್ಲ.

ಈ ದಾರಿ ಹಿಡಿಯಬಾರದ ಮನೆಗಳು

ಅಪ್ಪ ಮಗುವನ್ನೋ ತಾಯಿಯನ್ನೋ ಹೊಡೆಯುತ್ತಿದ್ದರೆ ಮಗುವನ್ನು ಅವರ ಹತ್ತಿರ ತರುವುದು ಈಗಿನ ಕೆಲಸವಲ್ಲ, ಮಗುವನ್ನು ಕಾಪಾಡುವುದು ಮೊದಲು. ಮಕ್ಕಳ ಸಹಾಯವಾಣಿ 1098, ಮಹಿಳೆಯರಿಗೆ 181, ತುರ್ತಿಗೆ 112. ಕುಡಿತವಿದ್ದರೆ, ಕುಡಿದಿರದ ಹೊತ್ತು ಮಾತ್ರ ಜೊತೆಗಿನ ಹೊತ್ತು. ಕುಡಿದು ಬಂದ ರಾತ್ರಿ ಪ್ರೀತಿಯಿಂದ ಕರೆದರೂ ಮಗುವನ್ನು ಕಳಿಸಬೇಡಿ. ಕುಡಿದಾಗ ಮಾತ್ರ ಪ್ರೀತಿಸುವ ಅಪ್ಪ ಮಗುವಿಗೆ ಬೇರೆಯದೇ ಗಾಯ ಮಾಡುತ್ತಾನೆ.

ಮುಂಚೆ ಮಾತಾಡುತ್ತಿದ್ದ ಅಪ್ಪ ಎರಡು ವಾರಕ್ಕೂ ಹೆಚ್ಚು ಕಾಲ ನಿದ್ದೆ, ಊಟ ಬಿಟ್ಟು, ತೋಟಕ್ಕೂ ಹೋಗದೆ, ಯಾವುದರಲ್ಲೂ ಮನಸ್ಸಿಲ್ಲದೆ ಕೂತಿದ್ದರೆ ಅದನ್ನು ಸ್ವಭಾವ ಎಂದು ಬಿಡಬೇಡಿ. ಸಾಲ, ಬೆಳೆ ನಷ್ಟ, ಆನೆ ತುಳಿದ ಗದ್ದೆ, ಕಾಂಡಕೊರಕ ಹೊಡೆದ ಗಿಡಗಳ ಹಿಂದೆ ಖಿನ್ನತೆ ಸದ್ದಿಲ್ಲದೆ ಬರುತ್ತದೆ. ಗಂಡಸರಲ್ಲಿ ಅದು ಅಳುವಿಗಿಂತ ಸಿಡುಕು, ಮೌನವಾಗಿ ಕಾಣುವುದೇ ಹೆಚ್ಚು. ಹೊಸದಾಗಿ ಮಗುವಾದ ಮನೆಯಲ್ಲಿ ಅಪ್ಪಂದಿರಿಗೂ ಖಿನ್ನತೆ ಬರಬಹುದು. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2010ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ ಸುಮಾರು ಹತ್ತರಲ್ಲಿ ಒಬ್ಬರಿಗೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ದಿನದ ಯಾವ ಹೊತ್ತಿಗಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ಮನೆಯವರೇ ಮಾಡಿ ಸಲಹೆ ಕೇಳಬಹುದು. ಜಿಲ್ಲಾಸ್ಪತ್ರೆಯಲ್ಲೂ ಮನೋವೈದ್ಯರು ಸಿಗುತ್ತಾರೆ. “ಮನಸ್ಸಿನ ಡಾಕ್ಟ್ರು” ಎಂದರೆ ಒಪ್ಪದ ಅಪ್ಪಂದಿರು “ನಿದ್ದೆ ಬರ್ತಿಲ್ವಲ್ಲ, ಅದಕ್ಕೆ ತೋರಿಸ್ಕೊಂಡು ಬರೋಣ” ಎಂದರೆ ಬರುತ್ತಾರೆ. ಸಾಯುವ ಮಾತಾಡಿದರೆ ಅಂದೇ ಕರೆದೊಯ್ಯಿರಿ, ಒಬ್ಬರನ್ನೇ ಬಿಡಬೇಡಿ, ಮನೆಯಲ್ಲಿರುವ ಕೀಟನಾಶಕ, ಕೋವಿ ಎರಡನ್ನೂ ಬೇರೆಯವರ ಮನೆಗೆ ಸಾಗಿಸಿ.

ಮಕ್ಕಳೇ ದೊಡ್ಡವರಾಗಿದ್ದರೆ

ಮೂವತ್ತು ನಲವತ್ತರಲ್ಲಿ ನಿಂತು ಎಪ್ಪತ್ತರ ಅಪ್ಪನ ಹತ್ತಿರ ಹೋಗಬೇಕೆನ್ನುವವರಿಗೂ ಕ್ರಮ ಇದೇ. ವರ್ಷಕ್ಕೊಮ್ಮೆ ದೀಪಾವಳಿಗೆ ಬಂದು, ಊಟದ ನಂತರ “ಅಪ್ಪ, ಚಿಕ್ಕಂದಿನಲ್ಲಿ ನೀವು ಯಾಕೆ...” ಎಂದು ಶುರು ಮಾಡಿದರೆ ಅವರು ಎದ್ದು ಕೊಟ್ಟಿಗೆ ಕಡೆ ಹೋಗುತ್ತಾರೆ. ಅವರ ಜೊತೆ ನೀವೂ ಕೊಟ್ಟಿಗೆಗೆ ಹೋಗಿ. ನಡೆಯುವಾಗ, ಕೈಯಲ್ಲಿ ಕೆಲಸವಿದ್ದಾಗ ಕೇಳಿ: ಈ ಸಿಲ್ವರ್ ಮರ ನೆಟ್ಟದ್ದು ಯಾವ ವರ್ಷ, ಹೇಮಾವತಿ ಅಣೆಕಟ್ಟು ಕಟ್ಟುವಾಗ ನೀವೆಲ್ಲಿದ್ರಿ, ನಿಮ್ಮಪ್ಪ ನಿಮ್ಮನ್ನ ಏನಂತ ಕರೀತಿದ್ರು. ಕೊನೆಯ ಪ್ರಶ್ನೆಗೆ ಕೆಲವರು ಬಹಳ ಹೊತ್ತು ಸುಮ್ಮನಿದ್ದು ಉತ್ತರ ಕೊಡುತ್ತಾರೆ. ಆ ಸುಮ್ಮನಿರುವಿಕೆಯನ್ನು ತುಂಬಿಸಲು ಹೋಗಬೇಡಿ.

ಕೆಲವು ಅಪ್ಪಂದಿರು ಎಷ್ಟು ಮಾಡಿದರೂ ಬಾಗಿಲು ತೆರೆಯುವುದಿಲ್ಲ. ಒಂದು ವರ್ಷ ಪ್ರಾಮಾಣಿಕವಾಗಿ ಪ್ರಯತ್ನಿಸಿದ ಮೇಲೆ ಹಿಂದೆ ಸರಿಯುವ ಹಕ್ಕು ನಿಮಗಿದೆ, ಅದು ತಪ್ಪಲ್ಲ. ತೆರೆಯುವ ಸೂಚನೆ ಸ್ವಲ್ಪವಾದರೂ ಕಂಡರೆ, ಊರಿಂದ ಹೊರಡುವಾಗ ಕಾಲಿಗೆ ನಮಸ್ಕಾರ ಮಾಡಿ ಬಸ್ಸು ಹತ್ತುವುದಷ್ಟೇ ಅಲ್ಲ, ಮುಂದಿನ ಸಲದ ಕೆಲಸವನ್ನು ಈಗಲೇ ಹೇಳಿಟ್ಟು ಬನ್ನಿ: “ಜೂನ್‌ನಲ್ಲಿ ಎರಡು ದಿನ ಬರ್ತೀನಿ ಅಪ್ಪಾಜಿ, ಮೆಣಸಿನ ಬಳ್ಳಿ ಕಟ್ಟೋಣ. ಬಾಳೆನಾರು ನೀವು ನೆನೆಸಿಡಿ.”